ಇಪ್ಪತ್ತೊಂದನೆಯವನು

ಬ್ರಹ್ಮಾವರದಲ್ಲಿ ಬಸ್ಸು ನಿಲ್ಲುವ ಕಡೆ ಮಹಾಲಿಂಗನ ಚಾ ಹೋಟೆಲು. ಬೆಳಿಗ್ಗೆ ಮುಂಬಾಗಿಲ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುವಾಗ ಬೆನ್ನ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಕೆಲವು ತಿಂಗಳಿಂದ ಹೀಗೆಯೇ. ತಿರುಗಿದರೆ ಒಳಗೆ, ಒಲೆಗಳ ಆಚೆ, ಹಿತ್ತಿಲ ಹೊಸ್ತಿಲ ಮೇಲೆ ಮುದುಕಿ ಕೂತು ಹುಣಸೆಹಣ್ಣು ಬೂದಿ ಹಚ್ಚಿ ಹಿತ್ತಾಳೆಯ ಲೋಟ ತಿಕ್ಕುತ್ತಿರುತ್ತಿದ್ದಳು. ಅವಳು ಅವನ ಕಡೆ ನೋಡುತ್ತಿರಲಿಲ್ಲ. ನೋಡುತ್ತಿದ್ದರೆ ವಾಸಿಯಿತ್ತು. ಲೋಟದ ಒಳಗೆ ಎರಡು ಬೆರಳು ಹಾಕಿ, ತಿರುವಿ, ಬೆಳಕಿಗೆ ಹಿಡಿದು, ಮತ್ತೆ ತಿಕ್ಕುವ ಆ ಶ್ರದ್ಧೆಯನ್ನು ನೋಡಲಾರದೆ ಅವನು ಮುಖ ತಿರುಗಿಸುತ್ತಿದ್ದ. ಅವಳು ತಿಕ್ಕಿದ ಲೋಟಗಳನ್ನು ಅವನು ಒಳಗೆ ತಂದು ಇನ್ನೊಮ್ಮೆ ಬಿಸಿನೀರಲ್ಲಿ ತೊಳೆಯುತ್ತಿದ್ದ. ಹೆಂಡತಿ ವೇದಾವತಿ ಒಮ್ಮೆ ಕೇಳಿದ್ದಳು, ತೊಳೆದದ್ದನ್ನೇ ತೊಳೆಯುವುದು ಯಾಕೆ ಎಂದು. ಬೂದಿ ಉಳಿಯುತ್ತದೆ ಎಂದಿದ್ದ. ಮುದುಕಿಯನ್ನು ಅಡಿಗೆಗೆ ಯಾಕೆ ಸೇರಿಸುವುದಿಲ್ಲ ಎಂದು ಕೇಳಿದ್ದಕ್ಕೆ, ಕಣ್ಣು ಕಾಣುವುದಿಲ್ಲ, ಕೈ ಸುಟ್ಟುಕೊಳ್ಳುತ್ತಾಳೆ ಎಂದಿದ್ದ. ಮುದುಕಿ ಮುಸ್ಸಂಜೆಯಲ್ಲೂ ಸೂಜಿಗೆ ದಾರ ಪೋಣಿಸುವುದನ್ನು ವೇದಾವತಿ ನೋಡಿದ್ದಳು. ಆದರೆ ಮತ್ತೆ ಕೇಳಲಿಲ್ಲ.

ಮುದುಕಿ ಅವನ ತಾಯಿ. ಈ ಊರಿನವರಿಗೂ ವೇದಾವತಿಗೂ ಅವನು ಹೇಳಿದ್ದು ದೊಡ್ಡಮ್ಮ ಎಂದು, ಸತ್ತುಹೋದ ತಾಯಿಯ ಅಕ್ಕ ಎಂದು. ಕಣ್ಣೂರಿನ ಕಡೆ ಯಾರದೋ ಮನೆಯಲ್ಲಿದ್ದಳು, ಈಗ ನೋಡುವವರಿಲ್ಲ ಎಂದು. ಕಣ್ಣೂರು ಮಾತ್ರ ನಿಜ. ಯುದ್ಧ ಮುಗಿದ ವರ್ಷ ಒಬ್ಬ ಪೊಲೀಸಿನವನು ಹೋಟೆಲಿಗೆ ಬಂದು ನಿಂತಾಗ ಚಾಕ್ಕೆ ಬಂದಿದ್ದಾನೆಂದು ತಿಳಿದು ಮಹಾಲಿಂಗ ಸಕ್ಕರೆ ಎಷ್ಟು ಎಂದು ಕೇಳಿದ್ದ. ಚಾ ಕುಡಿದಾದ ಮೇಲೆ ಅವನು ಮೆಲ್ಲಗೆ, ಕಣ್ಣೂರಿನ ಜೈಲಿನಿಂದ ಅಮ್ಮಣ್ಣಿ ಎಂಬ ಹೆಂಗಸನ್ನು ಬಿಡುತ್ತಿದ್ದಾರೆ, ಕರೆದುಕೊಂಡು ಹೋಗುವವರು ಇದ್ದಾರೆಯೇ ಎಂದ. ಇಲ್ಲ ಎನ್ನಬಹುದಿತ್ತು. ಯಾಕೆ ಅನ್ನಲಿಲ್ಲವೋ ಮಹಾಲಿಂಗನಿಗೆ ಈಗಲೂ ತಿಳಿಯದು. ಕರೆತರುವಾಗ ರೈಲಿನಲ್ಲಿ ಯಾರೋ ಕಿತ್ತಳೆಯ ತೊಳೆ ಕೊಟ್ಟರೆ ಅವಳು ಅಪ್ಪಣೆ ಕೇಳುವಂತೆ ಅವನ ಮುಖ ನೋಡಿದಳು. ಇಳಿಯುವಾಗ ಏಳು ಎನ್ನುವವರೆಗೆ ಏಳಲಿಲ್ಲ. ನಡುವೆ ಒಮ್ಮೆ ಮಾತ್ರ, "ನೀ ಎಂತ ಕೆಲ್ಸ ಮಾಡುದ್?" ಎಂದಳು. "ಹೋಟ್ಲ್" ಎಂದ. ಅವಳು ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಕಾಣಲಿಲ್ಲ. ದಾರಿಹೋಕರಿಗೆ ಉಣಬಡಿಸುವುದೇ ಅವಳ ಕಸುಬೂ ಆಗಿತ್ತಲ್ಲ. ಶಿರೂರಿನ ಗಾಡಿರಸ್ತೆಯ ಬದಿಯಲ್ಲಿ, ಗಂಡ ಸತ್ತ ಮೇಲೆ, ಬೋಳು ತಲೆಯ ಮೇಲೆ ಕೆಂಪು ಸೀರೆಯ ಸೆರಗು ಎಳೆದುಕೊಂಡು ಅವಳು ಊಟದ ಮನೆ ನಡೆಸುತ್ತಿದ್ದಳು. ಮಡಿ ಹೆಂಗಸಿನ ಕೈ ಅಡಿಗೆ ಎಂದು ಭಟ್ಕಳದ ಕಡೆಯಿಂದ ಬರುವ ವ್ಯಾಪಾರಸ್ಥರು ಅಲ್ಲಿಯೇ ಗಾಡಿ ಬಿಚ್ಚುತ್ತಿದ್ದರು. ಉಂಡು ಜಗಲಿಯಲ್ಲಿ ಮಲಗುತ್ತಿದ್ದರು. ಕೆಲವರು ಮಾರನೆಯ ದಿನ ಕಣ್ಣು ಬಿಟ್ಟಾಗ ಸೊಂಟದ ಚೀಲ ಇರುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಮೂವರು ಕಣ್ಣು ಬಿಡಲೇ ಇಲ್ಲ. ಪಾಯಸದಲ್ಲಿ ಉಮ್ಮತ್ತಿ ಬೀಜ, ದತ್ತೂರಿಯ ವಿಷ, ಅರೆದು ಹಾಕಿರುತ್ತಿದ್ದಳು.

ಅದೊಂದು ದಿನ ಹೋಟೆಲಿನಲ್ಲಿ ಚಟ್ನಿ, ದೋಸೆಹಿಟ್ಟು ಅರೆಯುವ ಸೀತು ಜ್ವರವೆಂದು ಬಂದಿರಲಿಲ್ಲ. ನಿನ್ನೆಯ ಹಿಟ್ಟು ಇತ್ತು, ಅಕ್ಕಿ ಸಾಲದೆ ಗೋಧಿ ಬೆರೆಸಿದ್ದು. ಹೇಗೂ ಮೊದಲ ಬಸ್ಸು ದಾಟಿ ಹೋಗಿದೆ, ಮಧ್ಯಾಹ್ನದವರೆಗೆ ಜನವಿಲ್ಲ ಎಂದುಕೊಂಡು ಮಹಾಲಿಂಗ ಕಂಟ್ರೋಲ್ ಅಂಗಡಿಗೆ ಸಕ್ಕರೆ ತರಲು ಹೊರಟ. ಹೋಗುವಾಗ ಹಿತ್ತಿಲ ಕಡೆ ಒಮ್ಮೆ ನೋಡಿದ. ಅಂಗಡಿಯ ಮುಂದೆ ಸಾಲು ಉದ್ದವಿತ್ತು. ಬಿಸಿಲಿಗೆ ಚೀಲವನ್ನು ತಲೆಯ ಮೇಲೆ ಹಾಕಿಕೊಂಡು ನಿಂತಾಗ, ಮುಂದೆ ನಿಂತವನ ಬೆನ್ನ ಮೇಲೆ ಒಂದು ಇರುವೆ ಹತ್ತುವುದು ಕಂಡಿತು. ಇರುವೆಗಳು. ಚಾಪೆಯ ತುಂಬ ಇರುವೆಗಳು. ಅವುಗಳನ್ನು ಹೆಕ್ಕಿ ಹೆಕ್ಕಿ ಬಿಸಾಡುವ ತನ್ನದೇ ಸಣ್ಣ ಬೆರಳುಗಳು, ಒಣಗಿ ಅಂಟಿಕೊಂಡ ನಾಲಗೆ, ಬಿಸಿಲು ಬೆಳ್ಳಗೆ ಉರಿಯುವುದು. ಪಾಯಸದ ಪಾತ್ರೆಯ ತಳವನ್ನು ಅವನು ಬೆರಳಿನಿಂದ ಬಳಿದು ತಿಂದಿದ್ದ. ಆಗ ಅವನಿಗೆ ಏಳು ವರ್ಷವಿರಬೇಕು. ಆಮೇಲೆ ಯಾರದೋ ಹೆಗಲ ಮೇಲೆ ತಾನು ಕುಲುಕಿ ಕುಲುಕಿ ಹೋಗುತ್ತಿರುವುದು, ಆ ಯಾರೋ ಏದುಸಿರು ಬಿಡುವುದು. ಯಾರ ಹೆಗಲೆಂದು ನೆನಪಿರಲಿಲ್ಲ. ನೆರೆಯವರು ನೋಡಿ ಹೊತ್ತು ಹೋಗಿ ಬದುಕಿಸಿದರು ಎಂದು ಸಾಲಿಗ್ರಾಮದ ಸೋದರಮಾವ ಹೇಳುತ್ತಿದ್ದ. ಅವನನ್ನು ತಾಯಿ ಸತ್ತ ಅನಾಥನೆಂದು ಹೇಳಿ ಸಾಕಿದವನು ಆ ಮಾವನೇ. ಮಂಗಳೂರಿನ ಕೋರ್ಟಿನಲ್ಲಿ ಮಹಾಲಿಂಗನನ್ನು ಸ್ಟೂಲಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಕರಿಕೋಟಿನವರೊಬ್ಬರು ಬಗ್ಗಿ, ನಯವಾಗಿ, ಮಗು, ಅವರಿಗೆ ಪಾಯಸ ಬಡಿಸಿದ್ದು ಯಾರು ಎಂದರು. ಅವನು ತಾಯಿಯ ಕಡೆ ಕೈ ತೋರಿಸಿ "ಅಬ್ಬಿ" ಎಂದ; ಅಮ್ಮನನ್ನು ಅವನು ಕರೆಯುತ್ತಿದ್ದುದೇ ಹಾಗೆ. ತನ್ನನ್ನು ಕಂಡು ಅವಳು ಎದ್ದು ಬರುತ್ತಾಳೆಂದು ಎಣಿಸಿ, ಇನ್ನೊಮ್ಮೆ ಗಟ್ಟಿಯಾಗಿ "ಅಬ್ಬಿ" ಎಂದ. ಕೋರ್ಟಿನಲ್ಲಿ ಯಾರೋ ಕೆಮ್ಮಿದರು. ಮಾವ ಕೊನೆಯವರೆಗೂ ಅದನ್ನು ಹೊಗಳಿಕೆಯಂತೆಯೇ ಹೇಳುತ್ತಿದ್ದ: ನೀನು ಒಂದು ಮಾತು ಹೇಳಿದ್ದಕ್ಕೆ ಆ ಪಾಪಿ ಸಿಕ್ಕಿಬಿದ್ದಿತು. ಅಂದಿನಿಂದ ಯಾರಾದರೂ ನಯವಾಗಿ ಬಗ್ಗಿ ಮಾತಾಡಿಸಿದರೆ ಮಹಾಲಿಂಗನ ಬಾಯಿ ಒಣಗುತ್ತಿತ್ತು. ಸಕ್ಕರೆ ಅಳೆದವನು, "ಎಂತ ಭಟ್ರೆ, ಮೈ ಹುಷಾರಿಲ್ಯಾ?" ಎಂದು ಕೇಳಿದಾಗಲೂ ಹಾಗೆಯೇ ಆಯಿತು.

ತಿರುಗಿ ಬಂದರೆ ಹೋಟೆಲಿನ ಮುಂದೆ ಬಸ್ಸು. ಕುಂದಾಪುರದಿಂದ ಉಡುಪಿಗೆ ಹೋಗುವ, ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು, ಹಿಂದಿನ ಒಲೆ ಕೆಟ್ಟು ನಿಂತಿದೆ. ಕ್ಲೀನರು ಮುಖವೆಲ್ಲ ಮಸಿ ಮಾಡಿಕೊಂಡು ಗಾಳಿಯ ಚಕ್ರ ತಿರುಗಿಸುತ್ತಿದ್ದಾನೆ. ಒಳಗೆ ಬೆಂಚುಗಳೆಲ್ಲ ತುಂಬಿ ಜನ ಬಾಗಿಲವರೆಗೂ ನಿಂತಿದ್ದಾರೆ. ಎಲ್ಲರ ಮುಂದೆ ಬಾಳೆಲೆಯ ತುಂಡು, ದೋಸೆ. ದೋಸೆಯ ಪಕ್ಕದಲ್ಲಿ ಬೆಳ್ಳಗೆ ಚಟ್ನಿ.

"ಹ್ವಾಯ್, ಎಲ್ ಹೋಯ್ರಿ ಇಷ್ಟೊತ್ತ್? ನಾ ಒಬ್ಳೇ ಸತ್ತೆ ಇಲ್ಲಿ." ಕಾವಲಿಯ ಮುಂದೆ ಬೆವರು ಒರೆಸಿಕೊಳ್ಳುತ್ತ ವೇದಾವತಿ ಎಂದಳು. ಅವಳ ಮುಖದಲ್ಲಿ ಗೆಲುವಿತ್ತು. "ದೊಡ್ಡತ್ತೆ ಚಟ್ನಿ ಅರ್ದ್ ಕೊಟ್ರ್ ಪಾಪ. ಎಂತ ಚೆಂದ ಅರಿತ್ರ್ ಗೊತ್ತಿತ್ತಾ? ಎಲ್ಲರೂ ಮತ್ತೆ ಮತ್ತೆ ಕೇಂತ್ರ್. ನೀವ್ ಕಣ್ಣ್ ಕಾಂತಿಲ್ಲೆ ಅಂದ್ ಸುಮ್ನೆ ಕೂರ್ಸಿದ್ರಿ."

ಸಕ್ಕರೆಯ ಚೀಲ ಅವನ ಕೈಯಲ್ಲೇ ಇತ್ತು. ಹಿತ್ತಿಲಲ್ಲಿ ಏನೇನು ಬೆಳೆದಿದೆ ಎಂದು ನೆನಪಿಸಿಕೊಳ್ಳಲು ನೋಡಿದ. ತೊಂಡೆ ಚಪ್ಪರ, ಬಸಳೆ, ಬೇಲಿಯ ಬುಡದಲ್ಲಿ ಕಾಡು ಗಿಡಗಳು. ಬೇಲಿಯ ಬುಡವನ್ನು ಅವನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ. ಉಮ್ಮತ್ತಿ ಎಲ್ಲಿ ಬೇಕಾದರೂ ಹುಟ್ಟುತ್ತದೆ, ಅದಕ್ಕೆ ಗೊಬ್ಬರ ಬೇಡ. ಈಗಲೇ ಎಲೆಗಳನ್ನು ಎಳೆದು ಬಿಸಾಡಬೇಕು, ತಿನ್ನಬೇಡಿ ಎಂದು ಕೂಗಬೇಕು. ಯಾಕೆ ಎಂದು ಕೇಳುತ್ತಾರೆ. ಹಲ್ಲಿ ಬಿದ್ದಿದೆ ಎನ್ನಲೇ? ಹಾಗೆಂದರೆ ನಾಳೆಯಿಂದ ಹೋಟೆಲಿಗೆ ಯಾರೂ ಬರುವುದಿಲ್ಲ. ನಿಜ ಹೇಳಿದರೂ ಬರುವುದಿಲ್ಲ. ಅವನು ಹೀಗೆ ತೂಗುತ್ತಿರುವಾಗಲೇ ಒಬ್ಬ ಹೆಂಗಸು ದೋಸೆಯ ಚೂರನ್ನು ಚಟ್ನಿಯಲ್ಲಿ ಅದ್ದಿ ತೊಡೆಯ ಮೇಲಿನ ಕೂಸಿನ ಬಾಯಿಗಿಟ್ಟಳು. ಕೂಸು ಖಾರಕ್ಕೆ ಮುಖ ಸಿಂಡರಿಸಿ ಮತ್ತೆ ಬಾಯಿ ತೆರೆಯಿತು. ನಾನು ಈಗ ಕೂಗುತ್ತೇನೆ ಎಂದುಕೊಂಡ. ಕೂಗದೆ ಒಳಗೆ ಹೋಗಿ ಚೀಲ ಇಟ್ಟು, ಚಟ್ನಿಯ ಪಾತ್ರೆಯಿಂದ ಕೈತುಂಬ ಬಳಿದು ಬಾಯಿಗೆ ಹಾಕಿಕೊಂಡ. ಮತ್ತೊಮ್ಮೆ ಬಳಿದ. ತೆಂಗಿನಕಾಯಿ, ಹಸಿಮೆಣಸು, ಶುಂಠಿ. ಕಹಿ ಇರಲಿಲ್ಲ. ಆಗ ಪಾಯಸವೂ ಕಹಿ ಇರಲಿಲ್ಲ. ತಲೆಯೆತ್ತಿದರೆ ಹಿತ್ತಿಲ ಬಾಗಿಲಲ್ಲಿ ಅವಳು ನಿಂತಿದ್ದಳು, ಬೆರಳಿಗೆ ಅಂಟಿದ ತೆಂಗಿನ ತುರಿಯೊಂದಿಗೆ. ಈ ಸಲ ಅವನನ್ನೇ ನೋಡುತ್ತಿದ್ದಳು.

ಹೊರಗೆ ಯಾರೋ ಜೋರಾಗಿ ಮಾತಾಡುತ್ತಿದ್ದರು. ಯಡ್ತರೆಯ ಚಂದಯ್ಯ, ಬಸ್ಸುಗಳಲ್ಲಿ ತಿರುಗಿ ಮೈ ಒರೆಸುವ ಬೈರಾಸು, ಲುಂಗಿ ಮಾರುವವನು. ತಿಂಗಳಿಗೊಮ್ಮೆ ಹೋಟೆಲಿಗೂ ಬರುವವನು. ಚಟ್ನಿ ರುಚಿಯಾಗಿದೆ ಎಂದು ಯಾರೋ ಹೊಗಳಿದ್ದಕ್ಕೆ, ರುಚಿಯೆಂದರೆ ಶಿರೂರಿನ ಅಮ್ಮಣ್ಣಿಯ ಕೈರುಚಿ ಎಂದು ಅವನು ಶುರು ಮಾಡಿದ್ದ.

"ನಿಮ್ಗೆ ಗೊತ್ತಿಲ್ಯಾ? ಅದರ್ ಹೆಸ್ರ್ ಹೇಳಿದ್ರೆ ನಮ್ ಬದಿಯಗೆ ಮಕ್ಳ್ ಇವತ್ತಿಗೂ ಅಳು ನಿಲ್ಸ್ತೊ. ಇಪ್ಪತ್ತೊಂದ್ ಜನ ಮಾರಾಯ್ರೆ, ಇಪ್ಪತ್ತೊಂದ್! ಬಂದ್ರ್, ಉಂಡ್ರ್, ಮಲ್ಗಿದ್ರ್. ಎದ್ದ್ ಹೋದವ್ರಿಲ್ಲೆ. ಒಂದೊಂದ್ ಹೆಣದ್ ಮೇಲೂ ಒಂದೊಂದ್ ತೆಂಗಿನ್ ಸಸಿ ನೆಟ್ಟಿತ್ ಅಂಬ್ರ್. ಆ ಮರದ್ ಬೊಂಡ ಕೆತ್ತಿದ್ರೆ ನೀರ್ ಕೆಂಪ್!"

"ನೀವ್ ಕಂಡಿದ್ರ್ಯಾ?" ಎಂದ ಒಬ್ಬ.

"ನಮ್ ಭಾವ ಕಂಡಿದ್ದ."

ಎಲ್ಲರೂ ನಕ್ಕರು. ಈ ಕಥೆಯನ್ನು ಮಹಾಲಿಂಗ ಎಷ್ಟೋ ಸಲ ಕೇಳಿದ್ದ, ಪ್ರತಿ ಸಲವೂ ಮೂರೇ ಎಂದು ತಿದ್ದಬೇಕೆಂಬ ಆಸೆ ಎದ್ದು, ಮೂರೇ ಎನ್ನುವ ಆ 'ಏ'ಕಾರಕ್ಕೆ ನಾಚಿ ಸುಮ್ಮನಾಗುತ್ತಿದ್ದ. ಮೂವರಿಗೂ ಹೆಸರಿತ್ತು, ಮನೆಯಿತ್ತು. ಕೋರ್ಟಿನ ಹೊರಗೆ ಒಬ್ಬ ಮುದುಕ ಎಲ್ಲರ ಮುಖವನ್ನೂ ನೋಡುತ್ತ ಕೂತಿದ್ದ. ಸತ್ತವನೊಬ್ಬನ ತಂದೆ ಎಂದು ಆಮೇಲೆ ಗೊತ್ತಾಯಿತು.

"ಪಾಪದ್ ಕೊಡ ತುಂಬ್ಕಲ್ದಾ?" ಚಂದಯ್ಯ ದನಿ ತಗ್ಗಿಸಿದ. "ಇಪ್ಪತ್ತೊಂದನೇದ್ ಯಾರ್ ಗೊತ್ತಿತ್ತಾ? ಅದರ್ ಸ್ವಂತ ಮಗ! ಒಬ್ಬನೇ ಒಬ್ಬ ಮಾಣಿ. ಯಾರಿಗೋ ಅಂದ್ ಇಟ್ಟ ಪಾಯ್ಸ ಆ ಮಾಣಿ ತಿಂದ. ಅಬ್ಬಿ ಮಡ್ಲಗೇ ಪ್ರಾಣ ಬಿಟ್ಟ."

ಕೂಸಿನ ತಾಯಿ ಅಯ್ಯೋ ಎಂದಳು. ಮಹಾಲಿಂಗ ಚಾ ಸೋಸುತ್ತಿದ್ದ. ತಾನು ಸತ್ತ ಸುದ್ದಿ ಅವನಿಗೆ ಹೊಸದಲ್ಲ. ಕಥೆಯಲ್ಲಿ ಅವನು ಬಹಳ ವರ್ಷದಿಂದ ಸಾಯುತ್ತಿದ್ದ. ಆ ಮಾಣಿಯ ಬಗ್ಗೆ ಜನ ಮರುಗುವಾಗ ಅವನಿಗೂ ಮರುಕ ಬರುತ್ತಿತ್ತು, ತನ್ನ ಬಗ್ಗೆ ಯಾವತ್ತೂ ಬಾರದ ಮರುಕ.

"ಮಾಣಿ ಸಾಯ್ಲಿಲ್ಲೆ."

ಎಲ್ಲರೂ ತಿರುಗಿದರು. ಮುದುಕಿ ಒಳಬಾಗಿಲ ದಾರಂದಕ್ಕೆ ಕೈಕೊಟ್ಟು ನಿಂತಿದ್ದಳು. ಗಿರಾಕಿಗಳ ಎದುರು ಅವಳು ಬಂದದ್ದು ಅದೇ ಮೊದಲು.

"ಎಂತ ಅಜ್ಜಿ?" ಎಂದ ಚಂದಯ್ಯ.

"ಮಾಣಿ ಬದ್ಕಿದ. ಅವನ್ ಅಬ್ಬಿಯೇ ಮಾಣಿನ ಹೆಗ್ಲ್ ಮೇಲ್ ಹಾಯ್ಕಂಡ್ ಪಂಡಿತ್ರ ಮನಿಗೆ ಓಡಿತ್. ನಾ ಹಾಕಿದ್ದ್ ಉಮ್ಮತ್ತಿ, ಅದಕ್ಕೆ ತಕ್ಕ ಮದ್ದ್ ಕೊಡಿ ಅಂದ್ ಅದೇ ಬಾಯ್ಬಿಟ್ಟ್ ಹೇಳಿತ್. ಹೇಳ್ದೆ ಇದ್ರೆ ಪಂಡಿತ್ರಿಗೆ ಗೊತ್ತಾಪ್ದ್ ಹ್ಯಾಂಗೆ? ಹಾಂಗ್ ಹೇಳಿದ್ದಕ್ಕೇ ಸಿಕ್ಕಿ ಬಿದ್ದದ್ದ್."

"ನಿಮ್ಗೆ ಹ್ಯಾಂಗ್ ಗೊತ್ತ್?"

"ನಾ ಆ ಬದಿಯಳೇ."

ಚಂದಯ್ಯ ಸ್ವಲ್ಪ ಹೊತ್ತು ಅವಳನ್ನು ನೋಡಿದ. ಮಹಾಲಿಂಗನ ಕೈಯಲ್ಲಿ ಚಾದ ಬಟ್ಟೆ ಹಾಗೆಯೇ ತೊಟ್ಟಿಕ್ಕುತ್ತಿತ್ತು. ಕೊನೆಗೆ ಚಂದಯ್ಯ, ಮಕ್ಕಳಿಗೆ ತಿಳಿಹೇಳುವಂತೆ ತಲೆಯಾಡಿಸಿದ. "ಇಲ್ಲೆ ಅಜ್ಜಿ. ನಿಮ್ಗೆ ಯಾರೋ ತಪ್ಪ್ ಹೇಳಿದ್ರ್. ಮಾಣಿ ಬದ್ಕರೆ ಕತಿ ನಿಲ್ತಿಲ್ಲೆ."

ಅವಳು ಒಪ್ಪಿಕೊಂಡವಳಂತೆ ಒಳಗೆ ಹೋದಳು. ಅಷ್ಟರಲ್ಲಿ ಬಸ್ಸು ಗುರುಗುಟ್ಟಿತು. ಜನ ಎಲೆ ಮಡಚಿ ಎದ್ದರು. ಆ ಹೆಗಲು, ಆ ಏದುಸಿರು. ಅವು ತಾಯಿಯವೇ ಎಂದು ಮಹಾಲಿಂಗನಿಗೆ ಆಗ ತಿಳಿಯಿತು. ಸ್ಟೂಲಿನ ಮೇಲೆ ನಿಂತು ಆಡಿದ ಒಂದು ಮಾತಿನಿಂದ ತಾಯಿಯನ್ನು ಜೈಲಿಗೆ ಕಳಿಸಿದೆ ಎಂಬ ಭಾರ ಅವನ ಜೊತೆಗೇ ಬೆಳೆದಿತ್ತು. ಈಗ ಅದನ್ನು ಎಲ್ಲಿ ಇಳಿಸುವುದೋ ತಿಳಿಯಲಿಲ್ಲ. ಇಳಿಸಿದ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು: ಬಸ್ಸು ಹೊರಟುಹೋಯಿತು, ಅವರೆಲ್ಲರೂ ತಿಂದಿದ್ದಾರೆ, ನಾನು ಕೂಗಲಿಲ್ಲ.

ಮಧ್ಯಾಹ್ನವೆಲ್ಲ ಅವನು ತನ್ನ ನಾಲಗೆ ಒಣಗುತ್ತದೆಯೇ ಎಂದು ಕಾದ. ಒಣಗಿತು, ನೀರು ಕುಡಿದರೆ ಸರಿಯಾಯಿತು, ಮತ್ತೆ ಒಣಗಿತು. ವೇದಾವತಿಯ ಕನ್ನಡಿ ತೆಗೆದು ಕಣ್ಣಿನ ಪಾಪೆ ದೊಡ್ಡದಾಗಿದೆಯೇ ಎಂದು ನೋಡಿಕೊಂಡ. ಕಲ್ಯಾಣಪುರದ ಹೊಳೆಯ ಹತ್ತಿರ ಬಸ್ಸಿನೊಳಗೆ ಎಲ್ಲರೂ ತಮ್ಮ ತಮ್ಮ ಬಟ್ಟೆಯಿಂದ ಇಲ್ಲದ ಇರುವೆಗಳನ್ನು ಹೆಕ್ಕುತ್ತ ಕೂತಿರುವುದು, ಆ ಕೂಸು ಬೆಳಕಿಗೆ ಕಣ್ಣು ಮುಚ್ಚದಿರುವುದು ಅವನ ಮನಸ್ಸಿಗೆ ಕಾಣುತ್ತಿತ್ತು. ಬೇಲಿಯ ಬುಡಕ್ಕೆ ಹೋಗಿ ನೋಡಿದ. ಅಲ್ಲಿ ಉಮ್ಮತ್ತಿ ಇರಲಿಲ್ಲ. ಕಿತ್ತ ಗುರುತೂ ಇರಲಿಲ್ಲ. ಆದರೂ ಸಂಜೆ ಅದೇ ಬಸ್ಸು ಉಡುಪಿಯಿಂದ ಮರಳಿ ಬಂದಾಗ ಓಡಿಹೋಗಿ ಡ್ರೈವರನ ಬಾಗಿಲಲ್ಲಿ ನಿಂತ. "ಬೆಳಿಗ್ಗೆ ಹೋದವ್ರೆಲ್ಲ ಹುಷಾರಿದ್ರಾ?" ಎಂದು ಕೇಳಿದ.

"ಎಂತ ಕೇಂತ್ರಿ ಮಾರಾಯ್ರೆ! ಇಳ್ದ್ ಅವರವ್ರ ದಾರಿ ಹಿಡ್ದ್ ಹೋದ್ರ್. ಹುಷಾರಿಲ್ದೆ ಎಂತ ಆತ್? ಬಸ್ಸಿಗೇ ಹುಷಾರಿಲ್ಲೆ." ಕ್ಲೀನರು ನಕ್ಕ. ಬಸ್ಸಿನೊಳಗಿದ್ದವರೂ ನಕ್ಕರು. ಮಹಾಲಿಂಗನೂ ನಕ್ಕು, ಮುಖ ಒರೆಸಿಕೊಳ್ಳುತ್ತ ಹಿಂದೆ ಬಂದ.

ಹಿತ್ತಿಲಲ್ಲಿ ತಾಯಿ ಅರೆಯುವ ಕಲ್ಲನ್ನು ತೊಳೆಯುತ್ತಿದ್ದಳು. ಅವನು ಕುಕ್ಕರಗಾಲಲ್ಲಿ ಎದುರಿಗೆ ಕೂತ.

"ಪಂಡಿತ್ರ ಹತ್ರ ನೀನೇ ಹೇಳಿದ್ದಾ?" ಎಂದ.

"ಹೌದ್."

"ನಂಗ್ಯಾರೂ ಹೇಳ್ಲಿಲ್ಲೆ."

"ನಿನ್ ಮಾವಂಗೆ ಗೊತ್ತಿತ್ತ್." ಅವಳು ಕಲ್ಲಿನ ಗುಳಿಯ ನೀರನ್ನು ಕೈಯಿಂದ ಬಳಿದು ಚೆಲ್ಲಿದಳು. ಆಮೇಲೆ, ಸಿಟ್ಟಿಲ್ಲದೆ, "ಬೆಳಿಗ್ಗೆ ನೀ ಹೆದ್ರಿದ್ದೆ. ನಾ ಎಂತದೋ ಹಾಕಿದ್ದೆ ಅಂದ್ಕಂಡೆ ಅಲ್ದಾ? ಮತ್ತೆ ಅವರ್ನೆಲ್ಲ ನಿಲ್ಸಲಿಲ್ಲೆ ಎಂತಕ್ಕೆ?" ಎಂದಳು.

ನಂಬಿದ್ದೆ ಎಂದರೆ ಅವಳಿಗೆ ಸಂತೋಷವಾಗಬಹುದಿತ್ತು. "ಹೋಟ್ಲ್ ಹೋತ್ ಅಂದ್ ಹೆದ್ರಿಕಿ ಆಯ್ತ್" ಎಂದ.

"ಕೂಸ್ ಇತ್ತ್ ಅಲ್ಲಿ."

"ಕಂಡಿದ್ದೆ."

ಅವಳು ಕೈ ಕಟ್ಟಿಕೊಂಡು ಕೂತಳು. ತೆಂಗಿನ ಗರಿಗಳ ಸಂದಿಯಿಂದ ಬಿಸಿಲು ಇಳಿಯುತ್ತಿತ್ತು. "ಮೊದ್ಲನೆಯವ ಸಾಯ್ಕ್ ಅಂದ್ ಹಾಕಿದ್ದಲ್ಲ. ನಿದ್ರಿ ಬರ್ಲಿ ಅಂದ್ ಹಾಕಿದ್ದ್. ಅವ ಹೊಯ್ದಾಡುಕೆ ಶುರು ಮಾಡಿದ. ಆಗ ಒಂದ್ ಮಾತ್ ಕೂಗಿದ್ರೆ ಆತಿತ್ತ್. ಪಂಡಿತ್ರ ಮನಿ ಅಲ್ಲೇ ಇತ್ತ್. ಊರಿಗೆ ಗೊತ್ತಾತ್ ಅಂದ್ ಹೆದ್ರಿ, ಬಾಗ್ಲ್ ಹಾಯ್ಕಂಡ್ ಕೂತೆ." ಅವಳು ಕೈ ಬಿಡಿಸಿ ಗುಂಡುಕಲ್ಲನ್ನು ಗುಳಿಗೆ ಇಳಿಸಿದಳು. "ಎರಡನೆಯವನ ಹೊತ್ತಿಗೆ ನಂಗೆ ಹೆದ್ರಿಕಿ ಆಯ್ಲಿಲ್ಲೆ."

ಅವಳು ಅಳಲಿಲ್ಲ. ಕ್ಷಮೆ ಕೇಳುವ ದನಿಯೂ ಅದಾಗಿರಲಿಲ್ಲ. ಮಹಾಲಿಂಗನಿಗೆ ಎದ್ದು ಹೋಗಬೇಕೆನ್ನಿಸಿತು, ಆದರೆ ಹೋಗಲಿಲ್ಲ. ಇಪ್ಪತ್ತೊಂದು ಹೆಣಗಳ ಅಮ್ಮಣ್ಣಿ ಎಲ್ಲೋ ದೂರದ, ತನಗೆ ಸಂಬಂಧವಿಲ್ಲದ ರಾಕ್ಷಸಿ. ಬಾಗಿಲು ಹಾಕಿಕೊಂಡು ಕೂತ ಈ ಹೆಂಗಸನ್ನು ಅವನು ಬಲ್ಲ. ಇವತ್ತು ಸಕ್ಕರೆಯ ಚೀಲ ಹಿಡಿದುಕೊಂಡು ನಿಂತವನು ಅವಳ ಮಗನೇ.

ದೀಪ ಹಚ್ಚುವ ಮೊದಲೇ ಅವನು ವೇದಾವತಿಗೆ ಎಲ್ಲವನ್ನೂ ಹೇಳಿದ. ಅವಳು ದೋಸೆಯ ಕಾವಲಿಯನ್ನು ತಿಕ್ಕುತ್ತಿದ್ದಳು, ಮಾತು ಮುಗಿಯುವವರೆಗೂ ತಿಕ್ಕಿದಳು. "ನಮ್ ಮದ್ವಿ ಆಯ್ ಹತ್ತ್ ವರ್ಷ ಆಯ್ತ್" ಎಂದಳು. ಆಮೇಲೆ, "ಆ ಕಲ್ಲಿಗೆ ಅವ್ರನ್ನ ಕರ್ದ್ ಕೂರ್ಸಿದ್ದ್ ನಾ. ಎಂತಾರೂ ಆಯಿದ್ರೆ ಆ ಪಾಪ ನಂಗಲ್ದಾ ಬಪ್ದ್? ನೀವ್ ನಂಗೊಂದ್ ಮಾತ್ ಹೇಳ್ಕಿತ್ತಲ್ದಾ?" ಎಂದು ಕೇಳಿ ಕಾವಲಿಯನ್ನು ಗೋಡೆಗೆ ಒರಗಿಸಿದಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಎರಡು ಸೀರೆ ಗಂಟು ಕಟ್ಟಿಕೊಂಡು ಗುಲ್ವಾಡಿಯ ತವರಿಗೆ ಹೊರಟಳು. ಬರುವುದಿಲ್ಲ ಎನ್ನಲಿಲ್ಲ, ಬರುತ್ತೇನೆ ಎಂದೂ ಅನ್ನಲಿಲ್ಲ. ಬಸ್ಸು ಹತ್ತುವಾಗ ಮಾತ್ರ, "ಹಿಟ್ಟ್ ಹುಳಿ ಬಂದಿತ್, ಇವತ್ತೇ ಮುಗ್ಸಿ" ಎಂದಳು.

ಹೋಟೆಲಿಗೆ ತಿರುಗಿ ಬಂದಾಗ ಸೀತು ಇರಲಿಲ್ಲ, ವೇದಾವತಿ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಆಗಲೇ ಇಬ್ಬರು ಗಾಡಿಯವರು ಕೂತಿದ್ದರು. ಮಹಾಲಿಂಗ ಒಂದು ತೆಂಗಿನಕಾಯಿ ಒಡೆದು, ಎರಡು ಹೋಳನ್ನೂ ತೆಗೆದುಕೊಂಡು ಹೋಗಿ ತಾಯಿಯ ಮುಂದೆ ಇಟ್ಟ. ಅವಳು ಹೋಳುಗಳನ್ನು ನೋಡಿದಳು, ಅವನನ್ನು ನೋಡಿದಳು. ಏಳು ಎಂದು ಅವನು ಹೇಳುವ ಮೊದಲೇ ಎದ್ದು ತುರಿಯುವ ಮಣೆಗೆ ಕೂತಳು. ಅರೆಯುವ ಸದ್ದು ನಿಧಾನವಾಗಿ ಹೋಟೆಲನ್ನೆಲ್ಲ ತುಂಬಿತು. ಮುಗಿದ ಮೇಲೆ ಪಾತ್ರೆಯನ್ನು ತಂದು ಒಲೆಕಟ್ಟೆಯ ಮೇಲಿಟ್ಟಳು. ಅವನ ಕೈ ಸೌಟಿನ ಮೇಲೆ ತಡೆಯಿತು. ತಿಂದು ನೋಡಲೇ ಎಂದು ಕೇಳಲು ನಾಚಿಕೆಯಾಯಿತು, ತಿನ್ನದೆ ಬಡಿಸಲು ಧೈರ್ಯವಾಗಲಿಲ್ಲ.

ಅವಳೇ ಒಂದು ಎಲೆ ಹಾಕಿ, ಒಂದು ದೋಸೆ ಇಟ್ಟು, ಪಕ್ಕದಲ್ಲಿ ಚಟ್ನಿ ಬಡಿಸಿ ಅವನ ಮುಂದೆ ದೂಡಿದಳು.

"ನೀ ಮೊದ್ಲ್ ತಿನ್" ಎಂದಳು. "ನಿತ್ಯವೂ ಹೀಂಗೇ ಮಾಡ್. ನಂಗ್ ಬೇಜಾರಿಲ್ಲೆ."

ಅವನು ಕೂತು ತಿಂದ. ಅವಳು ಎದುರಿಗೆ ನಿಂತು ಕೊನೆಯ ತುತ್ತಿನವರೆಗೂ ನೋಡಿದಳು. ಹೊರಗಿನಿಂದ ಗಾಡಿಯವನು, "ಎಂತ ಭಟ್ರೆ, ಇವತ್ತ್ ಒಳ್ಗೆ ಯಾರಿದ್ರ್? ದೋಸಿ ಆತಾ ಇಲ್ಯಾ?" ಎಂದು ಕೂಗಿದ.

"ಬಂತ್, ಬಂತ್" ಎಂದು ಕೈ ತೊಳೆಯುತ್ತ ಮಹಾಲಿಂಗ ಹೇಳಿದ. "ಒಳ್ಗೆ ನಮ್ಮಬ್ಬಿ ಇತ್ತ್."